ತಿರುಗಲೊಲ್ಲದ ಮುಚ್ಚಳ

ಉಪ್ಪಿನಕಾಯಿ ಮುಗಿದ ಮೇಲೆ ತೊಳೆದು, ಬಿಸಿಲಿಗಿಟ್ಟು, ಘಾಟು ಕಳೆದ, ಒಳಗಿರುವುದು ಕಾಣುವ ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಚನ್ನಪಟ್ಟಣದ ಕೆಂಪು ಬುಗುರಿಯೊಂದನ್ನು ಹಾಕಿ, ಮುಚ್ಚಳವನ್ನು ಹಗುರವಾಗಿ ತಿರುಗಿಸಿ, ಒಂದೂವರೆ ವರ್ಷದ ಮಗುವಿನ ಮುಂದಿಟ್ಟು ಸ್ವಲ್ಪ ದೂರ ಕೂತು ನೋಡಬೇಕು. ಮಾತಾಡಬಾರದು. ಸಹಾಯಕ್ಕೆ ಕೈ ಚಾಚಬಾರದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಸುಖ ನನಗೆ ಬೇರೆ ಯಾವ ನೋಟದಲ್ಲೂ ಸಿಕ್ಕಿಲ್ಲ.

ಮಗು ಮೊದಲು ಡಬ್ಬಿಯನ್ನು ಅಲ್ಲಾಡಿಸುತ್ತದೆ. ಬುಗುರಿ ಲಟಲಟ ಎನ್ನುತ್ತದೆ. ಒಳಗೇನೋ ಇದೆ ಎಂಬುದು ಕಣ್ಣಿಗೂ ಕಿವಿಗೂ ಖಾತ್ರಿಯಾಯಿತು. ಆಮೇಲೆ ನೆಲಕ್ಕೆ ಕುಟ್ಟುತ್ತದೆ, ತಲೆಕೆಳಗು ಮಾಡುತ್ತದೆ, ಹೊಸದಾಗಿ ಬಂದ ಹಲ್ಲಿನಿಂದ ಅಂಚು ಕಚ್ಚುತ್ತದೆ. ಪ್ಲಾಸ್ಟಿಕ್ಕಿನ ಮೇಲಿಂದಲೇ ಬುಗುರಿಯನ್ನು ಚಿವುಟಿ ತೆಗೆಯಲು ನೋಡುತ್ತದೆ. ಮುಚ್ಚಳವನ್ನು ಹಿಡಿದು ಮೇಲಕ್ಕೆ ಜಗ್ಗುತ್ತದೆ. ಯಾವುದಕ್ಕೂ ಡಬ್ಬಿ ಜಗ್ಗುವುದಿಲ್ಲ. ಆಗ ತಲೆಯೆತ್ತಿ ನಮ್ಮ ಮುಖ ನೋಡುತ್ತದೆ. ಆ ನೋಟಕ್ಕೆ ಕರಗಿ ನಾವು ತೆಗೆದುಕೊಟ್ಟೆವೋ, ಎಲ್ಲ ಮುಗಿಯಿತು. ಉಳಿದದ್ದು ಬರೀ ಬುಗುರಿ.

ತಿರುಗಿಸಬೇಕೆಂದು ಆ ಮುಚ್ಚಳ ಮಗುವಿಗೆ ಎಲ್ಲಿ ಹೇಳಿದೆ? ಚೆಂಡನ್ನು ಕಂಡ ಕೂಡಲೇ ಉರುಳಿಸಬಹುದೆಂದು ತಿಳಿಯುತ್ತದೆ. ಕೋಲನ್ನು ಕಂಡರೆ ಹಿಡಿಯಬಹುದೆಂದು ತಿಳಿಯುತ್ತದೆ. ನಮ್ಮ ಸುತ್ತಲಿನ ವಸ್ತುಗಳು ನಮ್ಮ ಮೈಗೆ ಏನೇನು ಅವಕಾಶ ಕೊಡುತ್ತವೆ ಎಂಬುದು ಕಣ್ಣಿಗೆ ನೇರವಾಗಿಯೇ ಕಾಣುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ 1979ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ಬಂಡೆ, ಮೆಟ್ಟಿಲು, ಕೊಂಬೆಗಳ ಮಟ್ಟಿಗೆ ಈ ಮಾತು ಎಷ್ಟು ಸೊಗಸು! ಆದರೆ ಮನೆಯೊಳಗಿನ ಸಾಮಾನುಗಳು ತಮ್ಮ ಗುಟ್ಟನ್ನು ಒಳಗಿಟ್ಟುಕೊಂಡಿರುತ್ತವೆ. ಮುಚ್ಚಳದ ತಿರುಪು ಮುಚ್ಚಳದ ಒಳಮೈಯಲ್ಲಿದೆ. ಬೀಗದ ಹಲ್ಲು ಬೀಗದ ಹೊಟ್ಟೆಯಲ್ಲಿದೆ. ಕೊಳಾಯಿಯ ವಾಷರು ಯಾರ ಕಣ್ಣಿಗೂ ಬೀಳದು. ಯಾರೋ ಎಂದೋ ಯೋಚಿಸಿ, ಅಳತೆ ಮಾಡಿ, ಹೀಗೇ ಬಳಸಲಿ ಎಂದು ಒಳಗಿಟ್ಟ ಉದ್ದೇಶವನ್ನು ಮಗು ಹೊರಗಿನಿಂದ ಕೈಯಾಡಿಸಿ ಹುಡುಕಬೇಕು. ಹಾಗೆ ನೋಡಿದರೆ ಪ್ರತಿ ಡಬ್ಬಿಯ ಮುಂದೆಯೂ ಮಗು ತಾನು ಕಾಣದ ಒಬ್ಬ ಮನುಷ್ಯನ ಮನಸ್ಸನ್ನು ಓದುತ್ತಿರುತ್ತದೆ.

ಒಂದು ಮುಚ್ಚಳವನ್ನು ನೀವೇ ಒಮ್ಮೆ ನಿಧಾನವಾಗಿ ತಿರುಗಿಸಿ ನೋಡಿ. ಎಡಗೈ ಡಬ್ಬಿಯನ್ನು ಅಲುಗದಂತೆ ಹಿಡಿಯುತ್ತದೆ. ಅದೇ ಹೊತ್ತಿಗೆ ಬಲಗೈ ಅಲುಗಿಸುತ್ತದೆ. ಒಂದೇ ಕೆಲಸಕ್ಕೆ ಎರಡು ಕೈಗೂ ತದ್ವಿರುದ್ಧ ಪಾಲು. ಬಲಗೈಯ ಬೆರಳುಗಳು ಮುಚ್ಚಳದ ಸುತ್ತ ಹರಡಿ, ಜಾರದಷ್ಟು ಬಿಗಿಯಾಗಿ ಅಮುಕುತ್ತವೆ. ಮಣಿಕಟ್ಟು ಎಡಕ್ಕೆ ಹೊರಳುತ್ತದೆ. ಅದು ಹೊರಳುವುದಕ್ಕೂ ಒಂದು ಮಿತಿಯಿದೆ. ಅಲ್ಲಿಗೆ ಮುಟ್ಟಿದಾಗ ಹಿಡಿತ ಸಡಿಲಿಸಿ, ಮುಚ್ಚಳವನ್ನು ಇದ್ದಲ್ಲೇ ಬಿಟ್ಟು, ಬರಿಗೈಯನ್ನು ಹಿಂದಕ್ಕೆ ತಂದು, ಮತ್ತೆ ಹಿಡಿದು, ಮತ್ತೆ ಹೊರಳಿಸಬೇಕು. ಆ ಬಿಡುವುದು ಇದೆಯಲ್ಲ, ಎಲ್ಲಕ್ಕಿಂತ ಕಷ್ಟ ಅದೇ. ಬೇಕಾದದ್ದನ್ನು ಪಡೆಯಲು ನಡುನಡುವೆ ಅದನ್ನು ಕೈಬಿಡಬೇಕು ಎಂಬುದು ಎಳೆಯ ಮನಸ್ಸಿಗೆ ಹೇಗೆ ಹೊಳೆಯಬೇಕು? ಅದಕ್ಕೇ ಮಗು ಎಡಕ್ಕೆ ಹೊರಳಿಸಿದ ಕೈಯನ್ನು ಬಿಡದೆ ಹಾಗೇ ಬಲಕ್ಕೂ ತರುತ್ತದೆ. ಬಿಚ್ಚಿದಷ್ಟೂ ಮುಚ್ಚಿಕೊಳ್ಳುತ್ತದೆ. ಗೊತ್ತಾಗಬೇಕಾದದ್ದು ಗೊತ್ತಾಗಿದೆ, ಮುಚ್ಚಳ ಮಾತ್ರ ಇದ್ದಲ್ಲೇ ಇದೆ.

ನ್ಯೂಯಾರ್ಕಿನಲ್ಲಿ ಕರೆನ್ ಅಡಾಲ್ಫ್ ಎಂಬ ವಿಜ್ಞಾನಿ ಎಳೆಮಕ್ಕಳು ನಡೆಯುವುದನ್ನೂ ಬೀಳುವುದನ್ನೂ ದಶಕಗಳಿಂದ ನೋಡುತ್ತ ಬಂದವರು. ಜಯಾ ರಾಚ್ವಾನಿ ಮೊದಲಾದ ಸಂಗಡಿಗರ ಜೊತೆ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪೂರ್ತಿಯಾಗಿ ಮುಚ್ಚಳಗಳ ಬಗ್ಗೆಯೇ ಇದೆ. ಹನ್ನೊಂದು ತಿಂಗಳಿನಿಂದ ಹಿಡಿದು ಮೂರು ವರ್ಷ ದಾಟಿದ ಮಕ್ಕಳವರೆಗೆ ನೂರಕ್ಕೂ ಹೆಚ್ಚು ಪುಟಾಣಿಗಳ ಮುಂದೆ ಅವರು ಬೇರೆ ಬೇರೆ ಅಳತೆಯ ಡಬ್ಬಿಗಳನ್ನಿಟ್ಟರು. ಕೆಲವು ದುಂಡಗಿನವು, ತಿರುಗಿಸಿ ತೆಗೆಯುವಂಥವು. ಕೆಲವು ಆಯತಾಕಾರದವು, ಎಳೆದು ತೆಗೆಯುವಂಥವು. ಕುಟ್ಟುವುದು, ಕುಲುಕುವುದು, ಕಚ್ಚುವುದು ವಯಸ್ಸು ಏರಿದಂತೆ ಕಡಿಮೆಯಾಯಿತು. ತಿರುಗಿಸುವುದು, ಎಳೆಯುವುದು ಹೆಚ್ಚಿತು. ಇದನ್ನು ಯಾರಾದರೂ ಊಹಿಸಬಹುದು. ನನ್ನ ಮನಸ್ಸನ್ನು ಹಿಡಿದದ್ದು ಅವರ ಇನ್ನೊಂದು ಮಾತು: ಸರಿಯಾದ ಕ್ರಿಯೆ ಬರುವುದು ಮೊದಲು, ಅದರಿಂದ ಡಬ್ಬಿ ತೆರೆದುಕೊಳ್ಳುವುದು ಆಮೇಲೆ. ಎರಡರ ನಡುವೆ ಒಂದು ಕಾಲವಿದೆ. ಮಗು ತಿರುಗಿಸುತ್ತದೆ, ತಿರುಗಿಸಬೇಕೆಂದು ತಿಳಿದೇ ತಿರುಗಿಸುತ್ತದೆ, ಆದರೂ ಮುಚ್ಚಳ ಬಿಚ್ಚಿಕೊಳ್ಳುವುದಿಲ್ಲ.

ನಾನು ಕಾಯುವುದು ಈ ನಡುಗಾಲಕ್ಕಾಗಿ. ಬಾಲ್ಯದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಎರಡು ತುದಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ: ಬರುತ್ತಿರಲಿಲ್ಲ, ಈಗ ಬಂತು. ಮೊದಲ ಹೆಜ್ಜೆಯ ವೀಡಿಯೊ ಇರುತ್ತದೆ, ಮೊದಲ ತುತ್ತಿನ ಫೋಟೊ ಇರುತ್ತದೆ. ತಲೆಗೆ ಹತ್ತಿದ್ದು ಕೈಗೆ ಇನ್ನೂ ಇಳಿಯದ ಆ ವಾರಗಳ ಫೋಟೊ ಯಾರ ಮನೆಯ ಆಲ್ಬಮ್ಮಿನಲ್ಲೂ ಇಲ್ಲ. ಪಲ್ಲವಿಗೆ ಬರುವ ಮುಂಚೆ ಗಾಯಕರು ಆಲಾಪನೆಯಲ್ಲಿ ರಾಗದ ಒಂದೊಂದೇ ಸ್ವರವನ್ನು ತಡವಿ, ಬಿಟ್ಟು, ಮತ್ತೆ ಹಿಡಿದು ಹೋಗುವಾಗ ರಸಿಕರು ತಾಳದ ಗೊಡವೆಯಿಲ್ಲದೆ ಕೇಳುತ್ತಾರಲ್ಲ, ಹಾಗೆ ಈ ಕಾಲವನ್ನು ಕೂತು ನೋಡಬೇಕು.

ನನ್ನ ತಂಗಿಯ ಮಗಳು ಈ ನಡುಗಾಲದಲ್ಲಿದ್ದಾಗ ಒಮ್ಮೆ ಹಬ್ಬಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಮುಚ್ಚಳವನ್ನು ಗಟ್ಟಿಯಾಗಿ ಹಿಡಿದು ತಿರುಗಿಸಿದರೆ ಕೆಳಗಿನ ಡಬ್ಬಿಯೂ ಜೊತೆಗೇ ತಿರುಗುತ್ತಿತ್ತು. ಇದು ಅವಳ ಗಮನಕ್ಕೆ ಬಂತು. ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದಳು, ಜಾರಿತು. ಕೊನೆಗೆ ಕಾಲು ಚಾಚಿ ಕೂತು, ಎರಡು ಅಂಗಾಲುಗಳ ನಡುವೆ ಅದನ್ನು ಅದುಮಿಟ್ಟಳು. ಈಗ ಎರಡೂ ಕೈ ಮುಚ್ಚಳದ ಮೇಲೆ. ಕತ್ತಿನ ನರ ಎದ್ದು, ಕೆಳತುಟಿ ಒಳಸೇರಿ, ಇಡೀ ಮೈ ಒಂದು ಕಡೆ ವಾಲಿತು. ನನ್ನ ಅಮ್ಮನಿಗೆ ತಡೆಯಲಾಗಲಿಲ್ಲ. “ಕೊಡಿಲ್ಲಿ ಪುಟ್ಟಿ, ನಾನು ತೆಗೆದುಕೊಡ್ತೀನಿ” ಎಂದು ಕೈ ನೀಡಿದರು. “ಬ್ಯಾಡ, ನಾ” ಎಂದು ಅವಳು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಮುಚ್ಚಳ ಬಿಚ್ಚಿದ್ದು ಅವಳು ಊರಿಗೆ ಮರಳಿದ ಮೇಲೆ. ಸುದ್ದಿ ಫೋನಿನಲ್ಲಿ ಬಂತು. ಒಳಗಿದ್ದ ಬುಗುರಿಯನ್ನು ತೆಗೆದು ನೋಡಿ, ಅದನ್ನು ಮತ್ತೆ ಒಳಗೇ ಹಾಕಿ, ಮುಚ್ಚಿಕೊಡು ಎಂದು ಅವರಮ್ಮನ ಮುಂದೆ ಹಿಡಿದಳಂತೆ.

ಚಮಚದ ಕತೆಯಲ್ಲೂ ಈ ನಡುಗಾಲ ಸಿಗುತ್ತದೆ, ಇನ್ನೂ ಸ್ಪಷ್ಟವಾಗಿ. ಬ್ರಿಟನ್ನಿನ ಸಂಶೋಧಕರಾದ ಕೆವಿನ್ ಕಾನಲಿ ಮತ್ತು ಮೇರಿ ಡಾಲ್ಗ್ಲೀಶ್ ಮಕ್ಕಳ ಮನೆಗಳಿಗೇ ಹೋಗಿ, ಊಟದ ಹೊತ್ತನ್ನು ವೀಡಿಯೊದಲ್ಲಿ ಹಿಡಿದು 1989ರಲ್ಲಿ ಬರೆದ ಲೇಖನವನ್ನು ಓದುವುದೇ ಒಂದು ಔತಣ. ಮೊದಲಿಗೆ ಚಮಚ ಬಟ್ಟಲಿಗೆ ಹೋಗುತ್ತದೆ, ಬರುತ್ತದೆ. ಬಾಯಿಗೂ ಹೋಗುತ್ತದೆ, ಬರುತ್ತದೆ. ಎರಡೂ ಬೇರೆ ಬೇರೆ ಆಟಗಳು. ಬಟ್ಟಲಿನಿಂದ ಬಾಯಿಗೆ ಎಂಬ ದಾರಿ ಇನ್ನೂ ಹುಟ್ಟಿಲ್ಲ. ಆಮೇಲೆ ಎರಡು ಆಟಗಳು ಸೇರಿ ಒಂದು ದಾರಿಯಾಗುತ್ತವೆ, ಆದರೆ ಚಮಚ ಬರಿದಾಗಿಯೇ ಬಾಯಿಗೆ ಬಂದರೂ ಮಗುವಿಗೆ ಬೇಸರವಿಲ್ಲ. ಚಮಚದಲ್ಲಿ ಏನಾದರೂ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮತ್ತೆ ಬಟ್ಟಲಿಗೆ ಮರಳುವ ಎಚ್ಚರ ಬರುವುದು ಆಮೇಲೆ. ಹಿಡಿತಗಳಂತೂ ಬಗೆಬಗೆ: ಮುಷ್ಟಿಯಲ್ಲಿ, ಅಂಗೈ ಕೆಳಗಾಗಿ, ಅಂಗೈ ಮೇಲಾಗಿ, ಬೆರಳುಗಳ ಸಂದಿಯಲ್ಲಿ.

ಹತ್ತು ವರ್ಷದ ನಂತರ, 1999ರಲ್ಲಿ, ಮೆಕಾರ್ಟಿ ಎಂಬ ಸಂಶೋಧಕರು ಮತ್ತು ಜೊತೆಯವರು ಒಂದು ಸರಳ ಚಮತ್ಕಾರ ಮಾಡಿದರು. ತಿನಿಸು ತುಂಬಿದ ಚಮಚವನ್ನು ಮಗುವಿನ ಮುಂದೆ ಅಡ್ಡಲಾಗಿ ಇಟ್ಟರು, ಹಿಡಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಒಂಬತ್ತು ತಿಂಗಳ ಮಗು ತನಗೆ ಒಗ್ಗಿದ ಕೈಯನ್ನೇ ಚಾಚುತ್ತದೆ, ಹಿಡಿ ತಪ್ಪು ಕಡೆಗಿದ್ದಾಗ ತಿನಿಸು ಇದ್ದ ತುದಿಯನ್ನೇ ಹಿಡಿದು ಹಿಡಿಯನ್ನು ಬಾಯಿಗಿಡುತ್ತದೆ. ಹದಿನಾಲ್ಕು ತಿಂಗಳ ಮಗು ಕೂಡ ಅದೇ ಕೈಯನ್ನು ಚಾಚುತ್ತದೆ, ಆದರೆ ಬಾಯಿಗೆ ತರುವ ದಾರಿಯಲ್ಲಿ ತಡೆದು, ಚಮಚವನ್ನು ತಿರುಗಿಸಿಕೊಳ್ಳುತ್ತದೆ. ಹತ್ತೊಂಬತ್ತು ತಿಂಗಳ ಮಗು ಮೊದಲೇ ಹಿಡಿ ಎತ್ತ ಇದೆ ಎಂದು ನೋಡಿ, ಬೇಕಾದರೆ ಒಗ್ಗದ ಕೈಯನ್ನೇ ಮುಂದೆ ಮಾಡುತ್ತದೆ. ಮೂರರಲ್ಲಿ ಯಾವುದು ಚೆಂದ ಎಂದು ಕೇಳಿದರೆ ನಾನು ಹದಿನಾಲ್ಕು ತಿಂಗಳದ್ದನ್ನೇ ಆರಿಸುತ್ತೇನೆ. ಅರ್ಧ ದಾರಿಯಲ್ಲಿ ಕೈ ನಿಲ್ಲುವ ಆ ಕ್ಷಣದಲ್ಲಿ ಯೋಚನೆಯೆಂಬುದು ಬರಿಗಣ್ಣಿಗೆ ಕಾಣುತ್ತದೆ. ಹತ್ತೊಂಬತ್ತು ತಿಂಗಳಿಗೆ ಅದು ಒಳಗೆ ಸರಿದು ಮರೆಯಾಗಿಬಿಟ್ಟಿರುತ್ತದೆ.

ನಮ್ಮ ಮನೆಗಳಲ್ಲಿ ಚಮಚಕ್ಕಿಂತ ಮೊದಲಿನ ಉಪಕರಣಗಳು ಎರಡು. ಒಂದು ಒಳಲೆ, ಮಗುವಿನ ಬಾಯಿಗೆ ಹಾಲು, ಔಷಧ ಇಳಿಸುವ ಮೂತಿಯಿರುವ ಪುಟ್ಟ ಪಾತ್ರೆ. ಅದನ್ನು ಬಳಸುವವರು ದೊಡ್ಡವರೇ. ಮಗುವಿನ ಪಾಲಿಗೆ ಬರುವುದು ನುಂಗುವ ಕೆಲಸ, ಒಮ್ಮೊಮ್ಮೆ ಉಗಿಯುವ ಕೆಲಸ. ಎರಡನೆಯದು ಸ್ವಂತ ಕೈ. ಕೈಯಲ್ಲಿ ಉಣ್ಣುವುದು ಚಮಚಕ್ಕಿಂತ ಸುಲಭ ಎಂದು ಉಣ್ಣದವರು ಮಾತ್ರ ತಿಳಿದಾರು. ಅನ್ನಕ್ಕೆ ಸಾರು ಎಷ್ಟು ಬೆರೆತರೆ ತುತ್ತು ನಿಲ್ಲುತ್ತದೆ, ಎಷ್ಟಾದರೆ ಬೆರಳ ಸಂದಿಯಲ್ಲಿ ಸೋರುತ್ತದೆ ಎಂದು ಬೆರಳ ತುದಿಗೆ ತಿಳಿಯಬೇಕು. ನಾಲ್ಕು ಬೆರಳು ಕೂಡಿ ಒಂದು ದೋಣಿಯಾಗಬೇಕು, ಹೆಬ್ಬೆರಳು ಹಿಂದಿನಿಂದ ತುತ್ತನ್ನು ಬಾಯೊಳಕ್ಕೆ ತಳ್ಳಬೇಕು. ಮಗುವಿಗೆ ತಡವಾಗಿ ಬರುವುದು ಈ ಹೆಬ್ಬೆರಳ ತಳ್ಳುವಿಕೆ. ಅದು ಬರುವವರೆಗೆ ಇಡೀ ಮುಷ್ಟಿ ಬಾಯಿಗೆ ಹೋಗುತ್ತದೆ. ಅಂಗೈಯಿಂದ ಮೊಣಕೈಯವರೆಗೆ ಸಾರು ಹರಿಯುತ್ತದೆ. ಮೊಸರನ್ನದ ದಿನ ಕೂದಲಿಗೂ ಪಾಲು. ಮುದ್ದೆ ಉಣ್ಣುವ ಮನೆಯಲ್ಲಿ ಲೆಕ್ಕವೇ ಬೇರೆ: ಮುರಿಯಬೇಕು, ಸಾರಿನಲ್ಲಿ ಅದ್ದಬೇಕು, ಅಗಿಯದೆ ನುಂಗಬೇಕು. ರೊಟ್ಟಿಯ ಮನೆಯಲ್ಲಿ ಒಂದೇ ಕೈಯಲ್ಲಿ ತುಂಡು ಮುರಿದು, ಅದನ್ನೇ ಮಡಿಚಿ ಪಲ್ಯ ಎತ್ತಬೇಕು. ಒಂದೇ ರಾಜ್ಯದ ಮೂರು ಊಟದ ಮಣೆಗಳ ಮುಂದೆ ಮೂರು ಬೇರೆ ಬೇರೆ ಕೈಗಳು ಬೆಳೆಯುತ್ತವೆ.

ತುತ್ತು ಕೊಡುವ ತಾಯಂದಿರನ್ನು ಗಮನಿಸಿದ್ದೀರಾ? ಕೈ ಮಗುವಿನ ತುಟಿಯ ಬಳಿ ಬರುವಾಗ ಅವರ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತದೆ. ಮಗು ನುಂಗಿದಾಗ ಮುಚ್ಚುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮ ಮಗಳು ಲೂಸಿಯೆನ್ ಬಗ್ಗೆ ಬರೆದದ್ದು ನೆನಪಾಗುತ್ತದೆ. ಅವಳಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಅಪ್ಪ ಒಂದು ಬೆಂಕಿಪೊಟ್ಟಣದೊಳಗೆ ಗಡಿಯಾರದ ಸರಪಳಿ ಹಾಕಿ, ತೀರ ಸಣ್ಣ ಸಂದಿ ಬಿಟ್ಟು ಅವಳ ಕೈಗೆ ಕೊಟ್ಟರು. ಬೆರಳು ತೂರಿಸಿದಳು, ಸಿಗಲಿಲ್ಲ. ಆಮೇಲೆ ಅವಳು ಸುಮ್ಮನೆ ಆ ಸಂದಿಯನ್ನೇ ದಿಟ್ಟಿಸುತ್ತ ತನ್ನ ಬಾಯನ್ನು ತೆರೆದಳು, ಮುಚ್ಚಿದಳು, ಮೊದಲು ಸ್ವಲ್ಪವೇ, ಮತ್ತೆ ಅಗಲವಾಗಿ, ಇನ್ನೂ ಅಗಲವಾಗಿ. ತಕ್ಷಣ ಸಂದಿಗೆ ಬೆರಳಿಟ್ಟು ಪೊಟ್ಟಣವನ್ನು ಎಳೆದು ತೆರೆದು, ಸರಪಳಿ ತೆಗೆದುಕೊಂಡಳು. 1936ರಲ್ಲಿ ಅಚ್ಚಾದ ಆ ಟಿಪ್ಪಣಿಗಳಿಂದ ಪಿಯಾಜೆ ಕಟ್ಟಿದ ಸಿದ್ಧಾಂತದ ಎಷ್ಟೋ ಭಾಗಗಳನ್ನು ಮುಂದಿನವರು ತಿದ್ದಿದ್ದಾರೆ. ಆದರೆ ಆ ತೆರೆದ ಬಾಯನ್ನು ಯಾರೂ ತಿದ್ದಲಾರರು. ಮಾತಿಲ್ಲದ ವಯಸ್ಸಿನಲ್ಲಿ ಮೈಯೇ ಯೋಚಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷಿ ನನಗೆ ತಿಳಿದಿಲ್ಲ.

ಮೈ ಯೋಚಿಸುವಾಗ ಒಮ್ಮೊಮ್ಮೆ ಲೆಕ್ಕ ತಪ್ಪುವುದೂ ಉಂಟು, ಅದೂ ಕಣ್ಣಿಗೆ ಹಬ್ಬ. ಗೊಂಬೆಯ ಕುರ್ಚಿಯ ಮೇಲೆ ಕೂರಲು ಹೋಗುವ ಮಗು, ಅಂಗೈಯಗಲದ ಆಟಿಕೆ ಕಾರಿನ ಬಾಗಿಲು ತೆರೆದು ಒಳಗೆ ಕಾಲು ತೂರಿಸುವ ಮಗು ಎಲ್ಲ ಮನೆಯಲ್ಲೂ ಇವೆ. ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಶ್ ಮತ್ತು ಇಬ್ಬರು ಸಹೋದ್ಯೋಗಿಗಳು 2004ರಲ್ಲಿ ಇದನ್ನು ಸರಿಯಾಗಿ ಗುರುತಿಸಿ ಬರೆದರು. ದೊಡ್ಡ ಕುರ್ಚಿ, ದೊಡ್ಡ ಜಾರುಬಂಡೆ, ಒಳಗೆ ಕೂರಬಹುದಾದ ಕಾರುಗಳ ಜೊತೆ ಮಕ್ಕಳನ್ನು ಆಡಲು ಬಿಟ್ಟು, ಆಮೇಲೆ ಅವುಗಳ ಪುಟ್ಟ ಪ್ರತಿಗಳನ್ನು ಅದೇ ಕೋಣೆಯಲ್ಲಿಟ್ಟರು. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಲ್ಲಿ ಎಷ್ಟೋ ಜನ ಗಂಭೀರವಾಗಿಯೇ ಅವುಗಳ ಮೇಲೆ ಕೂರಲು, ಜಾರಲು, ಒಳಹೊಗಲು ನೋಡಿದರು. ಇದು ಕುರ್ಚಿ ಎಂಬ ಅರಿವು ಮೊದಲು ಎದ್ದು ಕೈಕಾಲುಗಳನ್ನು ಹೊರಡಿಸಿಬಿಟ್ಟಿತು, ಇದು ಎಷ್ಟು ದೊಡ್ಡದು ಎಂಬ ಅರಿವು ಹಿಂದೆ ಉಳಿಯಿತು. ಇದರ ಎದುರು ಬದಿಯ ದೃಶ್ಯ ನಮ್ಮ ಹೊಸ್ತಿಲ ಬಳಿ ಕಾಣುತ್ತದೆ. ಅಪ್ಪನ ಚಪ್ಪಲಿಯಲ್ಲಿ ಕಾಲಿಟ್ಟು, ಉಂಗುಷ್ಟದ ಪಟ್ಟಿಗೆ ಬೆರಳು ಎಟುಕದೆ, ನೆಲಕ್ಕೆ ಉಜ್ಜಿಕೊಂಡೇ ಅಂಗಳ ದಾಟುವ ಮಗುವಿಗೆ ಅಳತೆ ಚೆನ್ನಾಗಿಯೇ ಗೊತ್ತಿರುತ್ತದೆ. ಗೊತ್ತಿದ್ದೂ ಹಾಕಿಕೊಂಡಿದೆ. ಪಕ್ಕದಲ್ಲೇ ಅದರದೇ ಸರಿಯಳತೆಯ ಪಾದರಕ್ಷೆ ಬಿದ್ದಿರುತ್ತದೆ, ಯಾರಿಗೆ ಬೇಕು!

ಮಕ್ಕಳಿಗೆ ಅವರ ಅಳತೆಯ, ಆದರೆ ನಿಜವಾದ ಸಾಮಾನು ಕೊಡಬೇಕು ಎಂದು ಹಠ ಹಿಡಿದವರು ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸೊರಿ. 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡಕೇರಿಯಲ್ಲಿ ಅವರ ಮೊದಲ ಮಕ್ಕಳ ಮನೆ ತೆರೆಯಿತು. ಗುಂಡಿ ಹಾಕುವುದು, ಕೊಕ್ಕೆ ಸಿಕ್ಕಿಸುವುದು, ದಾರ ಕಟ್ಟುವುದು, ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೌಕಟ್ಟು. ಕುಡಿಯಲು ಗಾಜು, ಉಣ್ಣಲು ಪಿಂಗಾಣಿ. ಬಿದ್ದರೆ ಒಡೆಯುತ್ತದೆ, ಒಡೆದರೆ ತಪ್ಪು ಯಾರೂ ಹೇಳದೆ ತಿಳಿಯುತ್ತದೆ ಎಂಬುದು ಅವರ ವಿಚಾರ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ, ಆದರೂ ನನ್ನ ಒಲವು ನಮ್ಮ ಸ್ಟೀಲಿನ ಕಡೆಗೆ. ಸ್ಟೀಲಿನ ಲೋಟ ಬಿದ್ದರೆ ಒಡೆಯುವುದಿಲ್ಲ, ಆದರೆ ಠಣ್ಣೆಂದು ಇಡೀ ಮನೆಗೆ ವರದಿ ಒಪ್ಪಿಸುತ್ತದೆ. ತಟ್ಟೆ ಬಿದ್ದರೆ ಗಿರಗಿರನೆ ಸುತ್ತಿ, ಸುತ್ತು ಸಣ್ಣದಾಗುತ್ತ ಸದ್ದು ಚುರುಕಾಗುತ್ತ, ಥಟ್ಟನೆ ನಿಲ್ಲುತ್ತದೆ. ಮಗು ಆ ಸದ್ದು ನಿಲ್ಲುವವರೆಗೂ ಕದಲದೆ ನೋಡಿ, ತಟ್ಟೆಯನ್ನು ಎತ್ತಿ ಮತ್ತೆ ಬೀಳಿಸುತ್ತದೆ. ಒಂದು ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಹಾಡುವ ಬ್ಯಾಟರಿಯ ಆಟಿಕೆಗಳು ನನಗೆ ಹಿಡಿಸದೇ ಇರುವುದು ಇದಕ್ಕೇ: ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದೇ ಹಾಡು. ಕೈ ಮಾಡಿದ್ದಕ್ಕೆ ವಸ್ತು ಕೊಟ್ಟ ಉತ್ತರ ಅದರಲ್ಲಿಲ್ಲ.

ಮಾಂಟೆಸೊರಿ ಹೇಳಿದ ಒಂದು ಪ್ರಸಂಗವನ್ನು ಇಲ್ಲಿ ತರಲೇಬೇಕು. ಒಂದು ದಿನ ಅವರು ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದನ್ನು ತೋರಿಸಿಕೊಟ್ಟರು: ಕರವಸ್ತ್ರ ಹೇಗೆ ತೆಗೆಯುವುದು, ಹೇಗೆ ಮಡಿಚುವುದು, ಸದ್ದಾಗದಂತೆ ಸಿಂಬಳ ಹೇಗೆ ತೆಗೆಯುವುದು. ಮಕ್ಕಳು ನಗಲಿಲ್ಲ. ಉಸಿರು ಬಿಗಿಹಿಡಿದು ನೋಡಿದರು, ಮುಗಿದ ಮೇಲೆ ಚಪ್ಪಾಳೆ ತಟ್ಟಿದರು. ಮೂಗು ಸೋರುತ್ತಿದೆ ಎಂದು ದಿನವೂ ಬೈಸಿಕೊಂಡವರು ಅವರು. ಹೀಗೆ ಮಾಡು ಎಂದು ಸಮಾಧಾನವಾಗಿ ಯಾರೂ ತೋರಿಸಿರಲಿಲ್ಲ. ಮಾಂಟೆಸೊರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಈ ನೆಲದಲ್ಲೇ, ಕೊಡೈಕನಾಲಿನಲ್ಲೂ ಕೆಲಕಾಲ ಕಳೆದರು. ನೆಲದ ಮೇಲೆ ಕೂತು ಕಲಿಯುವ ಮಕ್ಕಳನ್ನು ಅವರು ಇಲ್ಲಿ ಕಂಡಿರಲೇಬೇಕು ಎಂದು ನೆನೆದರೆ ನನಗೆ ಖುಷಿ.

ತೋರಿಸುವುದಕ್ಕೂ ಊರೂರಿಗೆ ಬೇರೆ ರೀತಿಯಿದೆ. ಮನಶ್ಶಾಸ್ತ್ರಜ್ಞೆ ಬಾರ್ಬರಾ ರೊಗೋಫ್ ಮತ್ತು ಸಂಗಡಿಗರು 1993ರಲ್ಲಿ ನಾಲ್ಕು ಊರುಗಳ ಎಳೆಮಕ್ಕಳನ್ನು ಪಕ್ಕಪಕ್ಕ ಇಟ್ಟು ನೋಡಿದರು: ಅಮೆರಿಕದ ಸಾಲ್ಟ್ ಲೇಕ್ ಸಿಟಿ, ಟರ್ಕಿಯ ಕೆಚಿಯೊರೆನ್, ಗ್ವಾಟೆಮಾಲಾದ ಮಾಯಾ ಜನರ ಸಾನ್ ಪೆಡ್ರೊ, ಮತ್ತು ಭಾರತದ ಧೋಲ್ ಕಿ ಪಟ್ಟಿ ಎಂಬ ಬುಡಕಟ್ಟು ಹಳ್ಳಿ. ಬಟ್ಟೆ ತೊಡುವುದು, ಕಂಡಿರದ ವಸ್ತುವನ್ನು ಬಳಸುವುದು, ಇಂಥ ಕೆಲಸಗಳು. ಮೊದಲ ಎರಡು ಊರುಗಳಲ್ಲಿ ತಾಯಂದಿರು ಅದನ್ನೊಂದು ಪಾಠವಾಗಿಯೋ ಆಟವಾಗಿಯೋ ಮಾಡಿ, ಮಾತಿನಲ್ಲಿ ಹುರಿದುಂಬಿಸಿದರು. ಉಳಿದೆರಡು ಊರುಗಳಲ್ಲಿ ದೊಡ್ಡವರು ತಮ್ಮ ಮಾತುಕತೆ ಬಿಡದೆ, ಮಗುವಿಗೆ ಬೇಕಾದಾಗ ಒದಗುವಷ್ಟು ಹತ್ತಿರದಲ್ಲಿದ್ದರು. ಮಕ್ಕಳೂ ಕೈಯಲ್ಲಿ ಒಂದು ಕೆಲಸ, ಕಣ್ಣಲ್ಲಿ ಇನ್ನೊಂದು ಕೆಲಸ ಎಂದು ಎರಡನ್ನೂ ಒಟ್ಟಿಗೆ ಗಮನಿಸಬಲ್ಲವರಾಗಿದ್ದರು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಚಪಾತಿ ಲಟ್ಟಿಸುವ ಅಡುಗೆಮನೆ. ಮಗುವಿಗೆ ನಿಂಬೆಗಾತ್ರದ ಒಂದು ಉಂಡೆ ಸಿಗುತ್ತದೆ, ಜೊತೆಗೆ ಯಾವ ಪಾಠವೂ ಇಲ್ಲ. ಅಜ್ಜಿಯ ಲಟ್ಟಣಿಗೆಯ ಕಡೆ ಒಂದು ಕಣ್ಣಿಟ್ಟೇ ಅದು ತನ್ನ ಉಂಡೆಯನ್ನು ತಟ್ಟುತ್ತದೆ, ಎಳೆಯುತ್ತದೆ, ಹಿಟ್ಟು ಉದುರಿಸುತ್ತದೆ. ಅಷ್ಟು ಹೊತ್ತಿಗೆ ಕಪ್ಪಗಾದ ಆ ಚಪಾತಿಯನ್ನು ಅಜ್ಜಿ ತವೆಯ ಮೇಲೆ ಹಾಕಿ ಬೇಯಿಸಿಯೂ ಕೊಡುತ್ತಾರೆ.

ಮುಚ್ಚಳಕ್ಕೆ ಇನ್ನೊಮ್ಮೆ ಬರುತ್ತೇನೆ, ಏಕೆಂದರೆ ಮಕ್ಕಳ ಈ ನಡುಗಾಲವನ್ನೇ ಆಳವಾಗಿ ಅರಿತು ಮಾಡಿದ ಒಂದು ಮುಚ್ಚಳವಿದೆ. ಕೆನಡಾದ ವಿಂಡ್ಸರ್ ಊರಿನ ಮಕ್ಕಳ ವೈದ್ಯ ಹೆನ್ರಿ ಬ್ರೋ ಅವರಿಗೆ ಮಾತ್ರೆ ನುಂಗಿ ಬರುವ ಎಳೆಯರನ್ನು ನೋಡಿ ನೋಡಿ ಸಾಕಾಗಿತ್ತು. ಅವರ ಒತ್ತಾಸೆಯಿಂದ 1967ರಲ್ಲಿ ಬಂದ ಶೀಶೆಯ ಮುಚ್ಚಳವನ್ನು ಅಂಗೈಯಲ್ಲಿ ಕೆಳಕ್ಕೆ ಒತ್ತುತ್ತಲೇ ತಿರುಗಿಸಬೇಕಿತ್ತು. ಒತ್ತುವುದು ಮಗುವಿಗೆ ಗೊತ್ತು, ತಿರುಗಿಸುವುದೂ ಗೊತ್ತು. ಎರಡನ್ನೂ ಒಂದೇ ಹೊತ್ತಿಗೆ ಮಾಡುವುದು ಗೊತ್ತಿಲ್ಲ. ಅಷ್ಟು ಸಣ್ಣ ಅಂತರದಲ್ಲಿ ಎಷ್ಟೋ ಜೀವಗಳು ಉಳಿದಿವೆ. ಅಮೆರಿಕ 1970ರಲ್ಲಿ ಇಂಥ ಮುಚ್ಚಳಗಳಿಗಾಗಿ ಕಾನೂನನ್ನೇ ಮಾಡಿತು. ಅಲ್ಲಿ ಹೊಸ ಮುಚ್ಚಳವನ್ನು ಪರೀಕ್ಷಿಸುವವರು ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳು. ಐದು ನಿಮಿಷ ತಾವಾಗಿ ತೆಗೆಯಲು ಬಿಡುತ್ತಾರೆ. ಆಮೇಲೆ ದೊಡ್ಡವರೊಬ್ಬರು ಮಾತಿಲ್ಲದೆ ತೆಗೆದು ತೋರಿಸುತ್ತಾರೆ, ಮತ್ತೆ ಐದು ನಿಮಿಷ. ತೋರಿಸಿದ ಮೇಲೂ ನೂರಕ್ಕೆ ಎಂಬತ್ತು ಮಕ್ಕಳ ಕೈಗೆ ಅದು ಸೋಲಬಾರದು. ವಯಸ್ಸಾದವರ ಕೈಗೆ ಮಾತ್ರ ಸೋಲಬೇಕು. ಅವರಿಗೂ ಬೇರೆ ಪರೀಕ್ಷೆಯಿದೆ.

ಎರಡು ಕೈಗೆ ಎರಡು ಕೆಲಸ ಎಂಬ ಈ ಕಷ್ಟವನ್ನು ನೋಡಲು ಪ್ರಯೋಗಶಾಲೆ ಬೇಕಿಲ್ಲ, ದೇವರ ಮನೆ ಸಾಕು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ. ನಾಲ್ಕೈದು ವರ್ಷದ ಹುಡುಗನಿಗೆ ದೀಪವಿಲ್ಲದ ಬರೀ ಆರತಿ ತಟ್ಟೆ ಕೊಟ್ಟು ನೋಡಿ. ತಟ್ಟೆ ದುಂಡಗೆ ಸುತ್ತುವಾಗ ಗಂಟೆಯೂ ದುಂಡಗೆ ಸುತ್ತುತ್ತದೆ, ನಾದ ಹೊರಡುವುದಿಲ್ಲ. ಗಂಟೆ ಅಲ್ಲಾಡಿಸಲು ನೆನಪಾದರೆ ಆರತಿಯೂ ಕುಣಿಯುತ್ತದೆ. ಮಂಗಳಾರತಿ ಮುಗಿಯುವವರೆಗೆ ಆ ಪುಟ್ಟ ಹಣೆಯ ಗಂಟು ಬಿಚ್ಚುವುದಿಲ್ಲ. ರಂಗೋಲಿಯ ಕಡೆಗೆ ಬಂದರೆ ಹೆಬ್ಬೆರಳು ತೋರುಬೆರಳ ನಡುವಿನ ಪುಡಿ ಎಷ್ಟು ಅಮುಕಿದರೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಮಗುವಿನ ಎಳೆ ಮೊದಲು ಚುಕ್ಕೆಗಳ ಗುಪ್ಪೆಯಾಗಿ, ಆಮೇಲೆ ತಡೆತಡೆದು ಸುರಿದ ದಪ್ಪ ಗೆರೆಯಾಗಿ, ಎಷ್ಟೋ ಹಬ್ಬಗಳು ಕಳೆದ ಮೇಲೆ ದಾರವಾಗುತ್ತದೆ. ದಪ್ಪ ಗೆರೆಯ ರಂಗೋಲಿಯಿರುವ ಮನೆಯ ಮುಂದೆ ನಾನು ಈಗಲೂ ಒಂದು ಗಳಿಗೆ ನಿಲ್ಲುತ್ತೇನೆ.

ಇನ್ನು ಲೋಟ. ಎರಡು ಕೈಯಲ್ಲಿ ಹಿಡಿದು ತುಟಿಗಿಟ್ಟು ಕುಡಿಯುವುದು ಮಗುವಿಗೆ ಬೇಗ ಬರುತ್ತದೆ. ಆದರೆ ನಮ್ಮಲ್ಲಿ ಅದೇ ಲೋಟಕ್ಕೆ ಇನ್ನೊಂದು ಬಳಕೆಯಿದೆ: ಎತ್ತಿ ಕುಡಿಯುವುದು. ಈ ರೂಢಿಯ ಹಿಂದೆ ಮಡಿಮೈಲಿಗೆಯ ಕಹಿ ಚರಿತ್ರೆಯೂ ಇದೆ, ಅದನ್ನು ಮರೆತು ಹೊಗಳಲಾರೆ. ಆದರೂ ಒಂದೇ ಚೊಂಬಿನ ಸುತ್ತ ಹತ್ತು ಮಕ್ಕಳು ಎಂಜಲು ಮಾಡದೆ ನೀರು ಕುಡಿಯುವುದು ಕೈ, ಕಣ್ಣು, ಗಂಟಲುಗಳು ಕೂಡಿ ಆಡುವ ಸೊಗಸಾದ ವಿದ್ಯೆ. ತಲೆ ಎಷ್ಟು ಹಿಂದಕ್ಕೆ ಬಾಗಬೇಕು? ಬಾಗಿದ ಮೇಲೆ ಲೋಟದ ಅಂಚು ಕಾಣುವುದಿಲ್ಲ, ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಊಹೆಯಲ್ಲೇ ತಿಳಿಯಬೇಕು. ಬಾಯಿ ಮುಚ್ಚದೆಯೇ ನುಂಗಬೇಕು, ಉಸಿರು ತಡೆಹಿಡಿದಿರಬೇಕು. ಮೊದಮೊದಲು ಮೂಗಿಗೆ, ಕೊರಳಿಗೆ, ಅಂಗಿಗೆ. ಒಂದು ಕೆಮ್ಮು. ನಂತರದ ಹಂತದಲ್ಲಿ ಮಕ್ಕಳು ಒಂದು ಉಪಾಯ ಕಂಡುಕೊಳ್ಳುತ್ತಾರೆ: ಬಾಯಿ ತುಂಬುವವರೆಗೆ ಸುರಿದು, ಲೋಟ ತಗ್ಗಿಸಿ, ಬಾಯಿ ಮುಚ್ಚಿ, ಗುಟುಕ್ಕೆಂದು ನುಂಗಿ, ಮತ್ತೆ ಎತ್ತುವುದು. ಇಲ್ಲಿಯೇ ತಿಂಗಳುಗಟ್ಟಲೆ ನಿಂತುಬಿಡುವವರಿದ್ದಾರೆ. ಧಾರೆ ಕಡಿಯದೆ, ಗಂಟಲು ಒಂದೇ ಸಮನೆ ಗುಳುಗುಳು ಎನ್ನುತ್ತ ಇಡೀ ಲೋಟ ಖಾಲಿಯಾಗುವುದು ಆಮೇಲೆ ಯಾವುದೋ ಒಂದು ದಿನ. ಅಂದು ಆ ಮಗುವಿಗೆ ಬಾಯಾರಿಕೆ ಎಂಬುದೇ ಇರುವುದಿಲ್ಲ, ಆದರೂ ಮನೆಯ ಒಬ್ಬೊಬ್ಬರನ್ನೂ ಕರೆದು ನಿಲ್ಲಿಸಿ, “ಅಜ್ಜೀ, ಇನ್ನೊಂದು ಲೋಟ ನೀರು ಹಾಕು” ಎಂದು ಲೋಟವನ್ನು ಮುಂದೆ ಹಿಡಿದಿರುತ್ತದೆ.